ಕೈಯಲ್ಲೇ ಉಳಿದ ಕಸ

ಟೋಕಿಯೊದ ಯಾವುದೋ ಗಲ್ಲಿಯಲ್ಲಿ ನಿಂತು ಬಿಸಿಬಿಸಿ ತಿಂಡಿ ತಿಂದವನಿಗೆ ಎರಡೇ ನಿಮಿಷದಲ್ಲಿ ಒಂದು ಸಂಕಟ ಎದುರಾಗುತ್ತದೆ. ಎಣ್ಣೆ ಹತ್ತಿದ ಆ ಕಾಗದದ ತಟ್ಟೆಯನ್ನು ಎಲ್ಲಿ ಬಿಸಾಡುವುದು? ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಕಸದ ಬುಟ್ಟಿ ಕಾಣುವುದಿಲ್ಲ. ವಿಚಿತ್ರವೆಂದರೆ, ಕಸವೂ ಕಾಣುವುದಿಲ್ಲ. ಜಪಾನಿನ ಪ್ರವಾಸೋದ್ಯಮ ಇಲಾಖೆ ವಿದೇಶಿಯರನ್ನು ಕೇಳಿ ನಡೆಸುವ ಸಮೀಕ್ಷೆಗಳಲ್ಲೂ ದೂರುಗಳ ಮೇಲ್ಸಾಲಿನಲ್ಲಿರುವುದು ಇದೇ ಬುಟ್ಟಿಯ ವಿಚಾರ. 2024ರಲ್ಲಿ ಆ ದೇಶ ನೋಡಲು ಹೋದವರು ಸುಮಾರು 3.7 ಕೋಟಿ, ಅವರಲ್ಲಿ ಭಾರತೀಯರು 2.3 ಲಕ್ಷ. ಅಷ್ಟೂ ಜನರ ಕೈಚೀಲದಲ್ಲಿ ಒಂದಲ್ಲ ಒಂದು ದಿನ ಖಾಲಿ ಪೊಟ್ಟಣವೊಂದು ಸಂಜೆಯವರೆಗೆ ಊರು ಸುತ್ತಿರಬೇಕು.

ವಾಪಸು ಬಂದವರು ಹೇಳುವ ಕತೆ ಮಾತ್ರ ಒಂದೇ ಅಚ್ಚಿನದು. "ಅವರ ಸಂಸ್ಕಾರವೇ ಹಾಗೆ ಕಣ್ರೀ, ರಕ್ತದಲ್ಲೇ ಬಂದಿದೆ." ಈ ಮಾತು ಕೇಳಿದಾಗೆಲ್ಲ ನನಗೆ ಸ್ವಲ್ಪ ಕಿರಿಕಿರಿ. ಹೊಗಳಿಕೆಯ ಬಗ್ಗೆ ತಕರಾರಿಲ್ಲ, ಜಪಾನಿನಲ್ಲಿ ಮೆಚ್ಚುವಂಥದ್ದು ಬೇಕಾದಷ್ಟಿದೆ. ಆದರೆ ರಕ್ತದಲ್ಲೇ ಬಂದಿದೆ ಎಂದುಬಿಟ್ಟರೆ ಅದು ಹೇಗೆ ಬಂತು ಎಂದು ವಿಚಾರಿಸುವ ಕೆಲಸ ತಪ್ಪುತ್ತದೆ; ನಮ್ಮ ರಕ್ತದಲ್ಲಿ ಇಲ್ಲವಲ್ಲ, ಏನು ಮಾಡುವುದು ಎಂದು ಕೈ ತೊಳೆದುಕೊಳ್ಳಲೂ ದಾರಿಯಾಗುತ್ತದೆ. ವಿದೇಶಿಯರು ಬೆರಗಾಗುವ ಒಂದೊಂದು ಸಂಗತಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಸಾಮಾನ್ಯವಾಗಿ ಸಿಗುವುದು ಒಂದು ಕಾಯಿದೆ, ಒಂದು ಜಗಳ, ಒಂದು ದುರಂತ, ಇಲ್ಲವೇ ಯಾರದೋ ದುಡಿಮೆ.

ಕಸವನ್ನೇ ತೆಗೆದುಕೊಳ್ಳಿ. 1995ರ ಮಾರ್ಚ್ 20ರ ಬೆಳಿಗ್ಗೆ ಓಮ್ ಶಿನ್ರಿಕ್ಯೊ ಎಂಬ ಪಂಥದವರು ಟೋಕಿಯೊದ ಐದು ಸುರಂಗ ರೈಲುಗಳಲ್ಲಿ ಸರೀನ್ ವಿಷಾನಿಲ ಬಿಟ್ಟರು. ವಿಷ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಪತ್ರಿಕೆಯಲ್ಲಿ ಸುತ್ತಿ ತಂದು ಕೊಡೆಯ ಮೊನೆಯಿಂದ ಚುಚ್ಚಿದ್ದರು. ಹದಿಮೂರಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಆಸ್ಪತ್ರೆ ಸೇರಿದರು. ಪತ್ರಿಕೆಯ ಪೊಟ್ಟಣವೇ ಅಸ್ತ್ರವಾದ ಮೇಲೆ ಬುಟ್ಟಿಯೊಳಗೆ ಏನಿದೆಯೋ ಎಂದು ಯಾರು ನೋಡುತ್ತಾರೆ? ನಿಲ್ದಾಣಗಳಿಂದ, ರಸ್ತೆಗಳಿಂದ ಬುಟ್ಟಿಗಳು ಮಾಯವಾದವು. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳ ಮೇಲೆ ಬಾಂಬ್ ದಾಳಿ ಆದಾಗ, ಮರಳಿ ಬಂದಿದ್ದ ಬುಟ್ಟಿಗಳಲ್ಲಿ ಎಷ್ಟೋ ಮತ್ತೊಮ್ಮೆ ಹೋದವು. ಬುಟ್ಟಿ ಇಲ್ಲದಿದ್ದರೆ ಅದನ್ನು ಖಾಲಿ ಮಾಡುವ ಖರ್ಚೂ ಇಲ್ಲ ಎಂಬುದು ನಗರಾಡಳಿತಗಳಿಗೆ ಆಮೇಲೆ ಹೊಳೆದ ಲಾಭ.

ಆದರೆ ಬುಟ್ಟಿ ಕಿತ್ತರೆ ಊರು ತಾನಾಗಿ ಚೊಕ್ಕಟವಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಬಡಾವಣೆಗಳಲ್ಲಿ ಅದನ್ನು ಮಾಡಿ ನೋಡಿದ್ದೇವೆ. ಟೋಕಿಯೊದ ಹಿಂದಿನ ಕತೆ ಅದಕ್ಕೂ ಮೂವತ್ತು ವರ್ಷ ಹಳೆಯದು. ಕಡಲ ಅಂಚಿನಲ್ಲಿ ಕಸ ಸುರಿದು ಎಬ್ಬಿಸಿದ ಯುಮೆನೋಶಿಮಾ ಎಂಬ ದಿಬ್ಬ ಇತ್ತು. 1965ರ ಬೇಸಿಗೆಯಲ್ಲಿ ಅಲ್ಲಿಂದೆದ್ದ ನೊಣಗಳ ಹಿಂಡು ಪಕ್ಕದ ಕೋಟೊ ವಾರ್ಡಿನ ಮನೆ, ಶಾಲೆಗಳನ್ನೆಲ್ಲ ಮುತ್ತಿತು. ಔಷಧಿ ಹೊಡೆದರೂ ಜಗ್ಗಲಿಲ್ಲ, ಕೊನೆಗೆ ಕಸದ ಗುಡ್ಡಕ್ಕೇ ಬೆಂಕಿ ಹಾಕಬೇಕಾಯಿತು. ಒಲಿಂಪಿಕ್ಸ್ ನಡೆಸಿ ಜಗತ್ತಿನ ಶಹಭಾಸ್‌ಗಿರಿ ಪಡೆದು ಇನ್ನೂ ವರ್ಷ ತುಂಬದ ಊರಿನ ಕತೆ ಇದು. 1971ರಲ್ಲಿ ಗವರ್ನರ್ ಮಿನೋಬೆ ರ್ಯೋಕಿಚಿ "ಕಸದ ಯುದ್ಧ" ಎಂದೇ ಘೋಷಿಸಿದರು. ಅನುಕೂಲಸ್ಥರ ಸುಗಿನಾಮಿ ವಾರ್ಡಿನವರು ತಮ್ಮಲ್ಲಿ ಕಸ ಸುಡುವ ಸ್ಥಾವರ ಬೇಡವೆಂದು ಪಟ್ಟು ಹಿಡಿದಿದ್ದರು. ಹಾಗಾದರೆ ನಿಮ್ಮ ಕಸ ನಮ್ಮಲ್ಲಿಗೂ ಬೇಡ ಎಂದು ಕೋಟೊದವರು ರಸ್ತೆಗಿಳಿದು ಸುಗಿನಾಮಿಯ ಲಾರಿಗಳನ್ನು ತಡೆದು ವಾಪಸು ಕಳಿಸಿದರು. ಮಂಡೂರು, ಮಾವಳ್ಳಿಪುರದ ಜನ ಬೆಂಗಳೂರಿನ ಲಾರಿಗಳ ಮುಂದೆ ನಿಂತದ್ದನ್ನು ನೋಡಿದವರಿಗೆ ಈ ದೃಶ್ಯವನ್ನು ವಿವರಿಸಬೇಕಿಲ್ಲ. ವರ್ಷಗಟ್ಟಲೆ ಗುದ್ದಾಡಿ, ಕೋರ್ಟು ಕಚೇರಿ ಆಗಿ, ಕಡೆಗೆ ತನ್ನ ವಾರ್ಡಿನ ಕಸಕ್ಕೆ ಆ ವಾರ್ಡೇ ಹೊಣೆ ಎಂಬ ತತ್ವ ನಿಂತಿತು. ಸುಗಿನಾಮಿಯಲ್ಲಿ ಮನೆಗಳ ನಡುವೆಯೇ ಆ ಸ್ಥಾವರದ ಚಿಮಣಿ ಇವತ್ತಿಗೂ ನಿಂತಿದೆ. ಪ್ರವಾಸಿಗಳು ಯಾರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಸುಡುವ ಕಸ, ಸುಡದ ಕಸ, ಬಾಟಲಿ, ಡಬ್ಬಿ, ಹಳೆ ಕಾಗದ ಎಂದು ವಾರದ ದಿನಗಳನ್ನು ಹಂಚಿ, ಒಳಗಿರುವುದು ಕಾಣುವಂಥ ಚೀಲದಲ್ಲೇ ಇಡಬೇಕೆಂಬ ನಿಯಮ ಈ ಜಗಳಗಳ ನೆರಳಲ್ಲೇ ಗಟ್ಟಿಯಾಯಿತು. ತಪ್ಪಾಗಿ ವಿಂಗಡಿಸಿದ ಚೀಲವನ್ನು ಲಾರಿಯವರು ಮುಟ್ಟುವುದಿಲ್ಲ. ಚೀಟಿ ಅಂಟಿಸಿ ಹೋಗುತ್ತಾರೆ, ಅದು ಇಡೀ ಬೀದಿಗೆ ಕಾಣುವಂತೆ ಅಲ್ಲೇ ಕೂತಿರುತ್ತದೆ. ಬಾಡಿಗೆಗೆ ಬಂದ ವಿದೇಶಿಗೆ ಜಪಾನಿನ ನೆರೆಹೊರೆಯ ಪರಿಚಯವಾಗುವುದು ಬಹುಪಾಲು ಇಂಥ ಚೀಲದ ಮೂಲಕವೇ. ತೊಕುಶಿಮಾ ಪ್ರಾಂತ್ಯದ ಕಾಮಿಕಾಟ್ಸು ಎಂಬ ಪುಟ್ಟ ಊರಂತೂ 2003ರಲ್ಲಿ ಶೂನ್ಯ ಕಸದ ಶಪಥ ಮಾಡಿ, ತನ್ನ ಕಸವನ್ನು 45 ಬಗೆಯಾಗಿ ಬೇರೆಮಾಡುವ ಮಟ್ಟಕ್ಕೆ ಹೋಗಿದೆ. ಇಷ್ಟೆಲ್ಲ ತಲೆನೋವು ಮನೆಯಲ್ಲಿ ಅನುಭವಿಸುವವನು ರಸ್ತೆಯಲ್ಲಿ ಪೊಟ್ಟಣ ಬಿಸಾಡುವ ಮುನ್ನ ಎರಡು ಸಲ ಯೋಚಿಸುತ್ತಾನೆ.

ಎರಡನೇ ಬೆರಗು ರೈಲಿನದು. 2017ರ ನವೆಂಬರ್ 14ರಂದು ಟೋಕಿಯೊ ಹೊರವಲಯದ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಒಂದು ರೈಲು 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡುವ ಬದಲು 20 ಸೆಕೆಂಡ್ ಮೊದಲೇ ಹೊರಟಿತು. ಕಂಪನಿ ಕ್ಷಮೆ ಕೋರಿ ಪ್ರಕಟಣೆ ಹೊರಡಿಸಿತು. ಪ್ರಯಾಣಿಕರು ಯಾರೂ ದೂರು ಕೊಟ್ಟಿರಲಿಲ್ಲ, ಮುಂದಿನ ರೈಲು ನಾಲ್ಕೇ ನಿಮಿಷಕ್ಕಿತ್ತು. ಸುದ್ದಿ ಜಗತ್ತನ್ನೆಲ್ಲ ಸುತ್ತಿ, ಸಮಯಪಾಲನೆ ಜಪಾನಿಗರ ಹುಟ್ಟುಗುಣ ಎಂಬುದಕ್ಕೆ ಮತ್ತೊಂದು ಸಾಕ್ಷಿಯಾಯಿತು.

ಹುಟ್ಟುಗುಣವೆ? 1857ರಿಂದ ಎರಡು ವರ್ಷ ನಾಗಸಾಕಿಯಲ್ಲಿ ಜಪಾನಿಗರಿಗೆ ನೌಕಾವಿದ್ಯೆ ಕಲಿಸಿದ ಡಚ್ ಅಧಿಕಾರಿ ಕಾಟೆಂಡೈಕ್ ಬರೆದಿಟ್ಟ ದೂರು ಇದಕ್ಕೆ ತದ್ವಿರುದ್ಧ: ಈ ಜನಕ್ಕೆ ಹೊತ್ತಿನ ಪರಿವೆಯೇ ಇಲ್ಲ, ಹೇಳಿದ ಹೊತ್ತಿಗೆ ಸಾಮಾನೂ ಬರುವುದಿಲ್ಲ, ಆಳೂ ಬರುವುದಿಲ್ಲ. ಅವನದು ಅನ್ಯಾಯದ ದೂರು ಅನ್ನಬಹುದು. ಆಗ ಜಪಾನಿನಲ್ಲಿ ಹಗಲನ್ನು ಆರು ಪಾಲು, ಇರುಳನ್ನು ಆರು ಪಾಲು ಮಾಡುತ್ತಿದ್ದರು. ಬೇಸಿಗೆಯ ಹಗಲಿನ ಗಳಿಗೆ ಉದ್ದ, ಚಳಿಗಾಲದ್ದು ಗಿಡ್ಡ. ಅಂಥ ಗಡಿಯಾರದಲ್ಲಿ 20 ಸೆಕೆಂಡಿಗೆ ಎಲ್ಲಿಯ ಜಾಗ? 1872ರಲ್ಲಿ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಮೊದಲ ರೈಲು ಓಡಿತು, 1873ರಿಂದ ದಿನಕ್ಕೆ 24 ಸಮಾನ ಗಂಟೆಗಳ ಲೆಕ್ಕ ಬಂತು. ಆಮೇಲೆ ಶಾಲೆ, ಸೈನ್ಯ, ಕಾರ್ಖಾನೆಗಳು ಸೇರಿ ಗಡಿಯಾರವನ್ನು ಜನರ ಮೈಗೆ ಹತ್ತಿಸಿದವು.

ಇವತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿದರೆ ಆ ಪಳಗಿಸುವಿಕೆ ಕಣ್ಣಿಗೇ ಕಾಣುತ್ತದೆ. ಬಿಳಿ ಕೈಗವಸಿನ ಚಾಲಕ ಒಬ್ಬನೇ ಕೂತು ಸಿಗ್ನಲ್ಲಿಗೆ ಬೆರಳು ತೋರಿಸಿ ಏನೋ ಕೂಗುತ್ತಾನೆ. ವಿದೇಶಿ ಮಕ್ಕಳು ನಗುತ್ತಾರೆ. ಕಣ್ಣು, ಕೈ, ಬಾಯಿ, ಕಿವಿ ನಾಲ್ಕನ್ನೂ ಒಟ್ಟಿಗೆ ದುಡಿಸಿದರೆ ಯಾಂತ್ರಿಕವಾಗಿ ಮಾಡುವ ಕೆಲಸದಲ್ಲಿ ಗಮನ ತಪ್ಪುವುದಿಲ್ಲ ಎನ್ನುವುದು ಅದರ ಹಿಂದಿನ ತರ್ಕ. 1990ರ ದಶಕದಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ನಡೆಸಿದ ಪ್ರಯೋಗದಲ್ಲಿ ಇದರಿಂದ ತಪ್ಪುಗಳು ಶೇ. 85ರಷ್ಟು ತಗ್ಗಿದ್ದವು. 1964ರಲ್ಲಿ ಓಡಲು ಶುರುಮಾಡಿದ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಇಲ್ಲಿಯವರೆಗೆ ಡಿಕ್ಕಿಯಲ್ಲಾಗಲಿ ಹಳಿತಪ್ಪಿಯಾಗಲಿ ಒಬ್ಬ ಪ್ರಯಾಣಿಕನನ್ನೂ ಕೊಂದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ಚೆನ್ನಾಗಿರುತ್ತದೆ. ಆದರೆ ಓಸಾಕಾದ ಪಕ್ಕ ಅಮಾಗಾಸಾಕಿ ಎಂಬ ಊರಿದೆ. 2005ರ ಏಪ್ರಿಲ್ 25ರ ಬೆಳಿಗ್ಗೆ 23 ವರ್ಷದ ಚಾಲಕನೊಬ್ಬ ಅದರ ಹಿಂದಿನ ಇತಾಮಿ ನಿಲ್ದಾಣದಲ್ಲಿ ನಿಲ್ಲಿಸಬೇಕಾದ ಜಾಗ ದಾಟಿ ಸುಮಾರು 70 ಮೀಟರ್ ಮುಂದೆ ಹೋಗಿಬಿಟ್ಟ. ರೈಲನ್ನು ಹಿಂದಕ್ಕೆ ತಂದು ಜನರನ್ನು ಇಳಿಸಿ ಹತ್ತಿಸುವಷ್ಟರಲ್ಲಿ ಒಂದೂವರೆ ನಿಮಿಷದ ಹತ್ತಿರ ತಡವಾಗಿತ್ತು. ತಪ್ಪು ಮಾಡಿದ ಚಾಲಕರನ್ನು ಆ ರೈಲು ನಡೆಸುತ್ತಿದ್ದ ಕಂಪನಿ "ಮರುತರಬೇತಿ"ಗೆ ಹಾಕುತ್ತಿತ್ತು. ಹೆಸರಿಗೆ ತರಬೇತಿ, ಮೇಲಧಿಕಾರಿಗಳ ಕಣ್ಣೆದುರು ಕೂತು ದಿನಗಟ್ಟಲೆ ತಪ್ಪೊಪ್ಪಿಗೆ ಬರೆಯುವುದು, ಬೈಸಿಕೊಳ್ಳುವುದು. ಈ ಹುಡುಗ ಅದನ್ನು ಹಿಂದಿನ ವರ್ಷವೇ ಉಂಡಿದ್ದ. ಗಂಟೆಗೆ 70 ಕಿಲೋಮೀಟರ್ ಮಿತಿಯಿದ್ದ ತಿರುವಿಗೆ ರೈಲು ನುಗ್ಗಿದ್ದು 116ರ ವೇಗದಲ್ಲಿ. ಹಳಿ ಬಿಟ್ಟು ಪಕ್ಕದ ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಅವನೂ ಸೇರಿ 107 ಜನ ಸತ್ತರು. ಎರಡು ವರ್ಷದ ತನಿಖೆಯ ವರದಿ ಆ ಶಿಕ್ಷೆಯ ಭಯವನ್ನು ಕಾರಣಗಳಲ್ಲಿ ಸೇರಿಸಿತು. ಇಪ್ಪತ್ತು ಸೆಕೆಂಡಿಗೆ ಕ್ಷಮೆ ಕೇಳುವ ಸೌಜನ್ಯ, ತೊಂಬತ್ತು ಸೆಕೆಂಡಿಗಾಗಿ ಬೆದರಿದ ಹುಡುಗ, ಎರಡೂ ಒಂದೇ ವೇಳಾಪಟ್ಟಿಯ ಮಕ್ಕಳು. ಜಪಾನಿನ ರೈಲನ್ನು ನಮ್ಮ ರೈಲಿನ ಪಕ್ಕ ಇಟ್ಟು ಮೂದಲಿಸುವ ಮೊದಲು ಅಮಾಗಾಸಾಕಿಯ ಹೆಸರನ್ನೂ ಒಮ್ಮೆ ನೆನೆಯುವುದು ನ್ಯಾಯ.

ಕಳೆದುಹೋದ ಪರ್ಸು ಹಣದ ಸಮೇತ ಮರಳಿ ಸಿಕ್ಕ ಕತೆ ಇಲ್ಲದ ಜಪಾನ್ ಪ್ರವಾಸವೇ ಇಲ್ಲವೇನೋ. ಇದು ಹಳೆಯ ಕತೆಯೂ ಹೌದು. 1877ರಲ್ಲಿ ಟೋಕಿಯೊಗೆ ಬಂದ ಅಮೆರಿಕದ ಪ್ರಾಣಿವಿಜ್ಞಾನಿ ಎಡ್ವರ್ಡ್ ಮೋರ್ಸ್, ಬೀಗವಿಲ್ಲದ ಕೋಣೆಯಲ್ಲಿ ಬಿಟ್ಟುಹೋದ ವಸ್ತು ಇದ್ದಂತೆಯೇ ಇರುತ್ತಿದ್ದುದನ್ನು ಬೆರಗಿನಿಂದ ಬರೆದಿದ್ದಾನೆ. ಒಳ್ಳೆಯತನದ ಪಾಲು ಇದರಲ್ಲಿ ಖಂಡಿತ ಇದೆ. ಆದರೆ ಆ ಒಳ್ಳೆಯತನಕ್ಕೆ ನಡೆದು ತಲುಪುವಷ್ಟು ಹತ್ತಿರ ಒಂದು ಬಾಗಿಲೂ ಇದೆ. ಬೀದಿಬೀದಿಯ ಮೂಲೆಯಲ್ಲಿರುವ ಪುಟ್ಟ ಪೊಲೀಸ್ ಠಾಣೆ, ಅಂದರೆ ಕೋಬಾನ್, ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು. ಸಿಕ್ಕಿದ್ದನ್ನು ಏಳು ದಿನದೊಳಗೆ ಒಪ್ಪಿಸಿ ರಸೀದಿ ಪಡೆದವನಿಗೆ ಕಾಯಿದೆಯೇ ಹಕ್ಕು ಕೊಡುತ್ತದೆ: ಮಾಲೀಕ ಸಿಕ್ಕರೆ ಬೆಲೆಯ ಶೇ. 5ರಿಂದ 20ರವರೆಗೆ ಇನಾಮು, ಮೂರು ತಿಂಗಳು ಯಾರೂ ಬರದಿದ್ದರೆ ಬಹುತೇಕ ವಸ್ತುಗಳು ಅವನವೇ. ಒಪ್ಪಿಸದೆ ಇಟ್ಟುಕೊಂಡರೆ ಅಪರಾಧ. ಸಿಕ್ಕವನಿಗೆ ಆಸೆ, ಭಯ, ದಾರಿ ಮೂರನ್ನೂ ಕಟ್ಟಿಕೊಟ್ಟ ಏರ್ಪಾಡು ಇದು. ಟೋಕಿಯೊ ಪೊಲೀಸರ ಈದಾಬಾಶಿ ಉಗ್ರಾಣಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ವಸ್ತುಗಳ ಲೆಕ್ಕ ಬರುತ್ತದೆ. ಅದರಲ್ಲಿ ಕೊಡೆಗಳೇ ಮೂರು ಲಕ್ಷದ ಮೇಲೆ, ಕೇಳಿಕೊಂಡು ಬರುವವರು ನೂರಕ್ಕೆ ಒಬ್ಬರು. ಇದೇ ಪ್ರಾಮಾಣಿಕ ಊರಿನಲ್ಲಿ ಅಂಗಡಿ ಮುಂದಿನ ಸ್ಟ್ಯಾಂಡಿನಲ್ಲಿಟ್ಟ ಪಾರದರ್ಶಕ ಕೊಡೆಯೂ ಬೀಗ ಹಾಕದ ಸೈಕಲ್ಲೂ ಧಾರಾಳವಾಗಿ ಕಳುವಾಗುತ್ತವೆ. ಅದನ್ನು ಪ್ರವಾಸಿಗೆ ಯಾರೂ ಹೇಳುವುದಿಲ್ಲ.

ಆರು ವರ್ಷದ ಮಗು ಬೆನ್ನಿಗೆ ಗಟ್ಟಿ ಚರ್ಮದ ಚೀಲ, ತಲೆಗೆ ಹಳದಿ ಟೋಪಿ ಹಾಕಿಕೊಂಡು ದೊಡ್ಡವರಿಲ್ಲದೆ ಶಾಲೆಗೆ ನಡೆದುಹೋಗುವುದನ್ನು ಕಂಡಾಗ ಅಮೆರಿಕದವರೂ ನಮ್ಮವರೂ ಸಮನಾಗಿ ಬೆಚ್ಚುತ್ತಾರೆ. ಚಿಕ್ಕ ಮಕ್ಕಳನ್ನು ಒಂಟಿಯಾಗಿ ಅಂಗಡಿಗೆ ಕಳಿಸಿ ಮರೆಯಲ್ಲಿ ಚಿತ್ರೀಕರಿಸುವ ಟಿವಿ ಕಾರ್ಯಕ್ರಮವೊಂದು ಅಲ್ಲಿ 1991ರಿಂದ ಜನಪ್ರಿಯ. 2022ರಲ್ಲಿ ಅದು ನೆಟ್‌ಫ್ಲಿಕ್ಸಿಗೆ ಬಂದಾಗ ಹೊರಗಿನ ಪ್ರೇಕ್ಷಕರು ಅರ್ಧ ಮುದ್ದಿನಿಂದ, ಅರ್ಧ ಗಾಬರಿಯಿಂದ ನೋಡಿದರು. ನನಗೆ ಮಗುವಿನ ಧೈರ್ಯಕ್ಕಿಂತ ಅದು ನಡೆಯುವ ರಸ್ತೆ ಹೆಚ್ಚು ಕುತೂಹಲದ್ದು. 1970ರಲ್ಲಿ ಜಪಾನಿನ ರಸ್ತೆ ಅಪಘಾತಗಳಲ್ಲಿ 16,765 ಜನ ಸತ್ತಿದ್ದರು. ಪತ್ರಿಕೆಗಳು ಅದನ್ನು ಸಂಚಾರ ಯುದ್ಧ ಎಂದು ಕರೆದವು. 2023ರಲ್ಲಿ ಆ ಲೆಕ್ಕ 2,678ಕ್ಕೆ ಇಳಿದಿತ್ತು. ಅದು ಅಪಘಾತವಾದ 24 ಗಂಟೆಯೊಳಗಿನ ಸಾವು ಮಾತ್ರ. ತಿಂಗಳೊಳಗೆ ತೀರಿಕೊಂಡವರನ್ನು ಕೂಡಿಸಿದರೂ 3,200ರ ಆಸುಪಾಸು, ಅದೂ ಹನ್ನೆರಡು ಕೋಟಿ ಜನರಲ್ಲಿ. ಅದೇ ವರ್ಷ ಕರ್ನಾಟಕ ಒಂದರಲ್ಲೇ ರಸ್ತೆಯಲ್ಲಿ ಸತ್ತವರು 12 ಸಾವಿರ ಮೀರಿದ್ದರು.

ಈ ಇಳಿಕೆಯ ಹಿಂದೆ ಕಾಲುದಾರಿ, ಸಿಗ್ನಲ್ಲು, ಶಾಲೆಯ ಹೊತ್ತಿನಲ್ಲಿ ವಾಹನ ಬಿಡದ ಬೀದಿಗಳು ಎಲ್ಲವೂ ಇವೆ. ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಾಯಿದೆಯೂ ಇದೆ, 1962ರದ್ದು: ಕಾರು ಕೊಳ್ಳಬೇಕಾದರೆ ಅದನ್ನು ನಿಲ್ಲಿಸಲು ಜಾಗ ಇದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತರಬೇಕು. ರಾತ್ರಿಯಿಡೀ ರಸ್ತೆಯಲ್ಲಿ ಕಾರು ಬಿಟ್ಟು ಮಲಗುವ ಹಾಗಿಲ್ಲ. ಹಾಗಾಗಿ ಫುಟ್‌ಪಾತೂ ಇಲ್ಲದ ಇಕ್ಕಟ್ಟು ಗಲ್ಲಿಯಲ್ಲೂ ಮಗುವಿಗೆ ನಡೆಯಲು ಜಾಗ ಉಳಿದಿದೆ, ಬರುವ ಗಾಡಿಗೆ ಆ ಮಗು ಕಾಣುತ್ತದೆ. ಬೆಂಗಳೂರಿನಲ್ಲೂ ಇಂಥ ನಿಯಮದ ಮಾತು ಆಗಾಗ ಎದ್ದು, ಅಷ್ಟೇ ಬೇಗ ತಣ್ಣಗಾಗುತ್ತದೆ. ನಮ್ಮ ಮಕ್ಕಳನ್ನು ಜಪಾನಿನ ಮಕ್ಕಳಂತೆ ಬೆಳೆಸಬೇಕು ಎಂದು ಭಾಷಣ ಮಾಡುವುದು ಅದಕ್ಕಿಂತ ಅಗ್ಗ.

ಬೆರಗಿಗೆ ಊರು-ದೇಶದ ಭೇದವೂ ಉಂಟು. ನೀರು ಚಿಮ್ಮುವ ಕಮೋಡನ್ನು ಕಂಡು ಐರೋಪ್ಯರು ಪುಟಗಟ್ಟಲೆ ಬರೆದಿದ್ದಾರೆ. ತೋತೊ ಕಂಪನಿ 1980ರಲ್ಲಿ ಮಾರಲು ಶುರುಮಾಡಿದ ಆ ಯಂತ್ರದಂಥವು ಈಗ ನೂರರಲ್ಲಿ ಎಂಬತ್ತು ಜಪಾನಿ ಮನೆಗಳಲ್ಲಿವೆ. ನಮ್ಮವರಿಗೆ ಇದರಲ್ಲಿ ಹೊಸದೇನು? ಕಾಗದದ ದೇಶಗಳನ್ನು ಸುತ್ತಿ ಬಂದ ಕನ್ನಡಿಗ ಟೋಕಿಯೊ ವಿಮಾನ ನಿಲ್ದಾಣದಲ್ಲಿ ಒಂದು ನಿಟ್ಟುಸಿರು ಬಿಡುತ್ತಾನೆ, ಅಷ್ಟೆ. ಅದೇ ಕನ್ನಡಿಗನಿಗೆ ಹಾರನ್ ಕೇಳಿಸದ ರಸ್ತೆ, ಫೋನಿನಲ್ಲಿ ಯಾರೂ ಮಾತಾಡದ ರೈಲು ಕಿವಿ ಕಿವುಡಾಯಿತೇನೋ ಎನಿಸುವಷ್ಟು ವಿಚಿತ್ರ. 1916ರಲ್ಲಿ ಹಡಗಿನಲ್ಲಿ ಕೋಬೆಗೆ ಬಂದಿಳಿದ ರವೀಂದ್ರನಾಥ ಟ್ಯಾಗೋರರೂ ಗಮನಿಸಿದ್ದು ಇದನ್ನೇ. ಈ ಜನ ಸುಮ್ಮನೆ ಕೂಗಾಡಿ ಶಕ್ತಿ ವ್ಯರ್ಥ ಮಾಡಿಕೊಳ್ಳುವುದಿಲ್ಲ ಎಂಬರ್ಥದ ಮಾತು "ಜಪಾನ್ ಯಾತ್ರಿ"ಯಲ್ಲಿದೆ. ಆ ಮೆಚ್ಚುಗೆ ಅವರ ಕಣ್ಣು ಕಟ್ಟಲಿಲ್ಲ. ಅದೇ ಪ್ರವಾಸದಲ್ಲಿ ಜಪಾನಿನ ಉಗ್ರ ರಾಷ್ಟ್ರೀಯತೆಯನ್ನು ಅಲ್ಲಿಯೇ ನಿಂತು ಟೀಕಿಸಿದರು. ಹೂಮಾಲೆ ಹಾಕಿದವರೇ ಆಮೇಲೆ ದೂರ ಸರಿದರು. ಅವರಿಗೂ ಮೊದಲು, 1898ರಲ್ಲಿ, ಮೂರು ತಿಂಗಳ ಮಟ್ಟಿಗೆ ಹೋಗಿದ್ದ ನಮ್ಮ ವಿಶ್ವೇಶ್ವರಯ್ಯನವರ ಕಣ್ಣು ನೆಟ್ಟಿದ್ದು ಬೀದಿಯ ಮೇಲಲ್ಲ, ಶಾಲೆ ಮತ್ತು ಕಾರ್ಖಾನೆಗಳ ಮೇಲೆ. ಎಂಜಿನಿಯರು ನೋಡಬೇಕಾದದ್ದನ್ನೇ ನೋಡಿದರು ಎನ್ನಬೇಕು.

ಮೌನದ ದೇಶದಲ್ಲಿ ಚುನಾವಣೆ ಬಂದರೆ ಮಾತ್ರ ಬೇರೆ ಲೋಕ. ಬಿಳಿ ಕೈಗವಸು ತೊಟ್ಟ ಅಭ್ಯರ್ಥಿ ವ್ಯಾನಿನ ಕಿಟಕಿಯಿಂದ ಕೈಬೀಸುತ್ತಾನೆ, ಧ್ವನಿವರ್ಧಕ ಬೆಳಗಿನಿಂದ ರಾತ್ರಿ ಎಂಟರವರೆಗೆ ಅವನ ಹೆಸರನ್ನೇ ಅರಚುತ್ತದೆ. ಹೆಸರಷ್ಟೆ ಯಾಕೆ? ಮನೆಮನೆಗೆ ಹೋಗಿ ಮತ ಕೇಳುವುದನ್ನು 1925ರಿಂದಲೇ ನಿಷೇಧಿಸಲಾಗಿದೆ; ಓಡುವ ವಾಹನದಿಂದ ಭಾಷಣ ಮಾಡುವ ಹಾಗೂ ಇಲ್ಲ, ಹೆಸರು ಕೂಗಿ ಬೇಡಿಕೊಳ್ಳಬಹುದು. ಇಲ್ಲೂ ಸ್ವಭಾವಕ್ಕಿಂತ ಕಾಯಿದೆಯೇ ಮಾತಾಡುತ್ತಿದೆ. ಸಿಗರೇಟಿನದೂ ಇದೇ ಕತೆ. ಟೋಕಿಯೊದ ಚಿಯೋದಾ ವಾರ್ಡು 2002ರಲ್ಲೇ ರಸ್ತೆಯಲ್ಲಿ ಸೇದುವವರಿಗೆ ದಂಡ ಹಾಕತೊಡಗಿತು, ಹೋಟೆಲಿನೊಳಗೆ ಹೊಗೆ ಬಿಡುವುದಕ್ಕೆ ದೇಶವ್ಯಾಪಿ ಕಡಿವಾಣ ಬಿದ್ದದ್ದು 2020ರ ಏಪ್ರಿಲ್‌ನಲ್ಲಿ. ನಡುವಿನ ಹದಿನೆಂಟು ವರ್ಷ ಅಲ್ಲಿಗೆ ಹೋದವರು ಬಯಲಲ್ಲಿ ನಿಷಿದ್ಧ, ಮಾಡಿನ ಕೆಳಗೆ ಸಲೀಸು ಎಂಬ ತಲೆಕೆಳಗಾದ ಲೋಕ ಕಂಡು ಬಂದರು.

ತಲೆಕೆಳಗು ಎಂಬ ಈ ಭಾವನೆಗೆ ನಾನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಪೋರ್ಚುಗಲ್ಲಿನ ಪಾದ್ರಿ ಲೂಯಿಸ್ ಫ್ರೋಯಿಸ್ 1585ರಲ್ಲಿ ಕ್ಯೂಶೂ ದ್ವೀಪದಲ್ಲಿ ಕೂತು ಆರುನೂರಕ್ಕೂ ಹೆಚ್ಚು ವ್ಯತ್ಯಾಸ ಪಟ್ಟಿಮಾಡಿದ. ನಾವು ಸೂತಕಕ್ಕೆ ಕಪ್ಪು ಉಡುತ್ತೇವೆ, ಅವರು ಬಿಳಿ. ನಾವು ಮೂಗಿಗೆ ಹೆಬ್ಬೆರಳೋ ತೋರುಬೆರಳೋ ಹಾಕುತ್ತೇವೆ, ಅವರು ಕಿರುಬೆರಳು. ಇವತ್ತು ಜಪಾನಿನಲ್ಲೂ ಸಾವಿನ ಮನೆಗೆ ಹೋಗುವವರು ಕಪ್ಪು ಉಡುಪಿನಲ್ಲೇ ಹೋಗುತ್ತಾರೆ. ಫ್ರೋಯಿಸ್ ಶಾಶ್ವತ ಎಂದುಕೊಂಡು ಬರೆದ ಎಷ್ಟೋ ಸಂಗತಿಗಳು ಹೀಗೆ ಸದ್ದಿಲ್ಲದೆ ಕಳಚಿಕೊಂಡಿವೆ. ಈಗಿನ ಪಟ್ಟಿಯೂ ಕಳಚುತ್ತಿದೆ. ಇಂಥ ಮುಂದುವರಿದ ದೇಶದಲ್ಲಿ ಇನ್ನೂ ಫ್ಯಾಕ್ಸೇ ಎಂದು ಐಟಿಯವರು ನಗುತ್ತಿದ್ದರು. ಸರ್ಕಾರಿ ನಿಯಮಗಳಲ್ಲಿ ಉಳಿದಿದ್ದ ಫ್ಲಾಪಿ ಡಿಸ್ಕಿನ ಕಡ್ಡಾಯ 2024ರಲ್ಲಿ ಹೋಯಿತು. ಹಗಲಿರುಳು ತೆರೆದಿರುವ ಕೊಂಬಿನಿ ಅಂಗಡಿಯೊಳಗೆ ಕಾಲಿಟ್ಟೊಡನೆ ಕೇಳುವ ರಾಗವಾದ ಸ್ವಾಗತ ಅಪ್ಪಟ ಜಪಾನಿ ಉಪಚಾರ ಎಂದು ಪ್ರವಾಸಿ ಪುಳಕಗೊಳ್ಳುತ್ತಾನೆ. ದೊಡ್ಡ ಊರುಗಳಲ್ಲಿ ಆ ದನಿ ಎಷ್ಟೋ ಸಲ ನೇಪಾಳದ್ದು, ವಿಯೆಟ್ನಾಂನದ್ದು. ದುಡಿಯುವ ಕೈಗಳ ಕೊರತೆಯಿಂದ ಜಪಾನ್ ಕರೆಸಿಕೊಂಡ ವಿದೇಶಿ ಕೆಲಸಗಾರರು 2024ರ ಅಕ್ಟೋಬರ್ ಹೊತ್ತಿಗೆ 23 ಲಕ್ಷ.

ಈಚೆಗೆ ಬೆರಗಾಗುವ ಸರದಿ ಜಪಾನಿಗರದು. ಫುಜಿ ಪರ್ವತದ ಬುಡದ ಫುಜಿಕಾವಾಗುಚಿಕೊ ಊರಿನಲ್ಲಿ ಲಾಸನ್ ಎಂಬ ಒಂದು ಕೊಂಬಿನಿ ಅಂಗಡಿ. ಅದರ ಮಾಡಿನ ಮೇಲೆ ಪರ್ವತ ಕೂತಂತೆ ಕಾಣುವ ಫೋಟೊಗಾಗಿ ವಿದೇಶಿಯರು ಮುಗಿಬಿದ್ದರು. ಎಲ್ಲೆಂದರಲ್ಲಿ ರಸ್ತೆ ದಾಟುವುದು, ಕಸ ಬಿಸಾಡುವುದು, ಪಕ್ಕದವರ ಜಾಗಕ್ಕೆ ನುಗ್ಗುವುದು, ಒಂದಾದ ಮೇಲೊಂದು ದೂರು. ಫಲಕ ಹಾಕಿದರು, ಕಾವಲುಗಾರರನ್ನು ನಿಲ್ಲಿಸಿದರು, ಆಗಲಿಲ್ಲ. 2024ರ ಮೇ ತಿಂಗಳಲ್ಲಿ ಪುರಸಭೆ ರಸ್ತೆಯ ಆಚೆಬದಿಗೆ 20 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಕಪ್ಪು ಬಲೆಯ ಪರದೆ ಕಟ್ಟಿ ಫುಜಿಯನ್ನೇ ಮರೆಮಾಡಿತು. ಕೆಲವೇ ದಿನಗಳಲ್ಲಿ ಅದರ ತುಂಬ ಕ್ಯಾಮೆರಾ ಕಣ್ಣು ತೂರುವಷ್ಟು ತೂತುಗಳು. ಆಗಸ್ಟ್‌ನಲ್ಲಿ ಚಂಡಮಾರುತದ ಮುನ್ಸೂಚನೆ ಬಂದಾಗ ಪರದೆ ಇಳಿಸಿದರು. ಅಷ್ಟರಲ್ಲಿ ಗದ್ದಲ ತಗ್ಗಿದ್ದರಿಂದ ಮತ್ತೆ ಏರಿಸಲಿಲ್ಲ. ಪುನಃ ಶುರುವಾದರೆ ಪುನಃ ಕಟ್ಟುತ್ತೇವೆ ಎಂದು ಪುರಸಭೆ ಹೇಳಿದೆ.